ಒಳಗೆ ಬಿಡದ ಬಾಗಿಲಿಗೆ ಯಜಮಾನ ಯಾರು?

ಹಾವೇರಿ ಜಿಲ್ಲೆ ರಾಣೆಬೆನ್ನೂರು ತಾಲ್ಲೂಕಿನ ಹಿರಿಯ ರೈತರೊಬ್ಬರು 2024ರ ಜುಲೈ 16ರಂದು ಬೆಂಗಳೂರಿನ ಮಾಗಡಿ ರಸ್ತೆಯ ಜಿ.ಟಿ. ವರ್ಲ್ಡ್ ಮಾಲ್‌ಗೆ ಮಗನ ಜೊತೆ ಸಿನಿಮಾ ನೋಡಲು ಬಂದರು. ಟಿಕೆಟ್ ಮೊದಲೇ ಬುಕ್ ಆಗಿತ್ತು. ಬಾಗಿಲಲ್ಲಿ ಭದ್ರತಾ ಸಿಬ್ಬಂದಿ ತಡೆದರು. ಪಂಚೆ ಉಟ್ಟವರನ್ನು ಒಳಗೆ ಬಿಡುವ ಹಾಗಿಲ್ಲ, ಪ್ಯಾಂಟ್ ಹಾಕಿಕೊಂಡು ಬರಬೇಕು ಎಂದರು. ಅಷ್ಟು ದೂರದಿಂದ ಬಂದವರು ನಿಂತ ನಿಲುವಿನಲ್ಲಿ ಬಟ್ಟೆ ಬದಲಿಸುವುದು ಹೇಗೆ ಎಂದು ಕೇಳಿದರೂ ಪ್ರಯೋಜನವಾಗಲಿಲ್ಲ. ಆ ಮಾತುಕತೆಯ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದು ನಾಡಿಗೆಲ್ಲ ಮುಟ್ಟಿತು.

ನಮ್ಮ ಆರ್‌ಪಿಸಿ ಲೇಔಟಿಗೆ ಆ ಮಾಲ್ ದೂರದ್ದಲ್ಲ. ವಿಜಯನಗರದಲ್ಲಿ ನೇರಳೆ ಮಾರ್ಗದ ಮೆಟ್ರೊ ಹತ್ತಿದರೆ ಹೊಸಹಳ್ಳಿ, ಅದು ದಾಟಿದರೆ ಮಾಗಡಿ ರಸ್ತೆ. ಹಂಪಿನಗರ, ಅತ್ತಿಗುಪ್ಪೆ, ಗೋವಿಂದರಾಜನಗರ, ಮೂಡಲಪಾಳ್ಯ ಎಂದು ಹಬ್ಬಿರುವ ಪಶ್ಚಿಮ ಬೆಂಗಳೂರಿನಲ್ಲಿ ಊರ ಬೇರು ಕಡಿದುಕೊಂಡವರು ಕಡಿಮೆ. ಹಬ್ಬ ಮುಗಿಸಿಕೊಂಡು, ಆಸ್ಪತ್ರೆಗೆ ತೋರಿಸಲು, ಮೊಮ್ಮಗುವನ್ನು ನೋಡಲು ಬಂದ ಅಪ್ಪಂದಿರು ಬೆಳಗಿನ ಹೊತ್ತು ಪಂಚೆಯಲ್ಲೇ ಪಾರ್ಕಿಗೆ ಹೋಗಿ, ಹಾಲು ತಂದು, ದರ್ಶಿನಿಯಲ್ಲಿ ಕಾಫಿ ಕುಡಿದು ಬರುತ್ತಾರೆ. ಅವರಲ್ಲಿ ಯಾರೊಬ್ಬರಿಗಾದರೂ ಆಗಬಹುದಾಗಿದ್ದ ಅವಮಾನ ಅದು. ಆದ್ದರಿಂದಲೇ ಇಲ್ಲಿನ ಮನೆಗಳಲ್ಲಿ ಆ ವಿಡಿಯೊ ಬೇರೆಯವರ ಸುದ್ದಿಯಾಗಿ ಉಳಿಯಲಿಲ್ಲ.

ಮರುದಿನ ರೈತ ಸಂಘಟನೆಗಳೂ ಕನ್ನಡ ಸಂಘಟನೆಗಳೂ ಮಾಲ್ ಮುಂದೆ ಪ್ರತಿಭಟಿಸಿದವು. ಆಡಳಿತ ಮಂಡಳಿಯವರು ಕ್ಷಮೆ ಕೇಳಿದರು, ರೈತರನ್ನು ಕರೆಸಿ ಸನ್ಮಾನ ಮಾಡಿದರು. ಮುಂಗಾರು ಅಧಿವೇಶನ ನಡೆಯುತ್ತಿದ್ದ ಸಮಯವದು. ಪಂಚೆ ಉಟ್ಟೇ ಸದನಕ್ಕೆ ಬರುವ ಮುಖ್ಯಮಂತ್ರಿ ಇರುವ ರಾಜ್ಯದಲ್ಲಿ ಪಂಚೆಗೆ ಪ್ರವೇಶವಿಲ್ಲ ಎಂದರೆ ಏನರ್ಥ ಎಂಬ ಪ್ರಶ್ನೆ ವಿಧಾನಸಭೆಯಲ್ಲಿ ಎದ್ದಿತು. ಪಕ್ಷಭೇದವಿಲ್ಲದೆ ಶಾಸಕರು ಖಂಡಿಸಿದರು. ಜುಲೈ 18ರಂದು ನಗರಾಭಿವೃದ್ಧಿ ಸಚಿವ ಬೈರತಿ ಸುರೇಶ್ ಅವರು ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಹೇಳಿದರು. ಬಿಬಿಎಂಪಿ ಬಾಗಿಲು ಹಾಕಿಸಿತು.

ಬಾಗಿಲು ಹಾಕಿಸುವಾಗ ಪಾಲಿಕೆ ಮುಂದಿಟ್ಟ ಕಾರಣವನ್ನು ಮಾತ್ರ ನಾವು ಮರೆಯಬಾರದು. ಅದು ಪಂಚೆಯ ವಿಷಯವಲ್ಲ, 1.78 ಕೋಟಿ ರೂಪಾಯಿ ಆಸ್ತಿ ತೆರಿಗೆಯ ಬಾಕಿ. ಪೊಲೀಸರ ಕಡೆಯದೂ ಇದೇ ಕಥೆ. ಕೆ.ಪಿ. ಅಗ್ರಹಾರ ಠಾಣೆಯಲ್ಲಿ ದಾಖಲಾದ ಪ್ರಕರಣ ಭಾರತೀಯ ನ್ಯಾಯ ಸಂಹಿತೆಯ 126(2)ನೇ ಕಲಮಿನದು. ಜಾರಿಗೆ ಬಂದು ಹದಿನೈದು ದಿನ ಕಳೆದಿದ್ದ ಹೊಸ ಸಂಹಿತೆಯಲ್ಲಿ ಆ ಕಲಂ ಹೇಳುವುದು ಒಬ್ಬರನ್ನು ಅಕ್ರಮವಾಗಿ ಅಡ್ಡಗಟ್ಟಿದ ಅಪರಾಧ. ಗರಿಷ್ಠ ಶಿಕ್ಷೆ ಒಂದು ತಿಂಗಳ ಸಾದಾ ಸಜೆ, ಇಲ್ಲವೇ 5,000 ರೂಪಾಯಿ ದಂಡ, ಅಥವಾ ಎರಡೂ. ದಾರಿಯಲ್ಲಿ ಹೋಗುವವನ ಬೈಕಿಗೆ ಅಡ್ಡ ನಿಂತರೂ ಇದೇ ಕಲಂ. ಎಪ್ಪತ್ತರ ಆಸುಪಾಸಿನ ಮನುಷ್ಯನನ್ನು ಅವನ ಉಡುಗೆ ನೋಡಿ ಹೊರಗೆ ನಿಲ್ಲಿಸಿದ್ದಕ್ಕೆ ಹೆಸರು ಹಿಡಿದು ಹೇಳುವ ಒಂದು ಅಪರಾಧ ನಮ್ಮ ಕಾನೂನಿನಲ್ಲಿ ಸಿಗಲಿಲ್ಲ. ಸರ್ಕಾರಕ್ಕೆ ಸಿಟ್ಟು ಬಂದಿತ್ತು, ಜನರಿಗೂ ಬಂದಿತ್ತು. ಅದನ್ನು ತೂಗಿಹಾಕಲು ಒಂದು ಗೂಟ ಇರಲಿಲ್ಲ.

ವ್ಯಾಪಾರಿ ತನಗೆ ಬೇಡವೆನಿಸಿದ ಗಿರಾಕಿಯನ್ನು ವಾಪಸ್ ಕಳಿಸಬಹುದೇ? ಸಂವಿಧಾನದಲ್ಲಿ ಉತ್ತರದ ದೊಡ್ಡ ಭಾಗವೇ ಇದೆ. 15ನೇ ವಿಧಿಯ ಮೊದಲ ಖಂಡ ಸರ್ಕಾರವನ್ನು ಕುರಿತು ಮಾತಾಡುತ್ತದೆ. ಎರಡನೆಯ ಖಂಡ ಅಲ್ಲಿಂದ ಮುಂದೆ ಬಂದು ಅಂಗಡಿಯ ಹೊಸ್ತಿಲು ಮುಟ್ಟುತ್ತದೆ. ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟಿದ ಸ್ಥಳ ಇವುಗಳ ಕಾರಣಕ್ಕೆ ಯಾವ ನಾಗರಿಕರನ್ನೂ ಅಂಗಡಿ, ಹೋಟೆಲು, ಮನರಂಜನೆಯ ತಾಣಗಳಿಂದ ದೂರ ಇಡುವಂತಿಲ್ಲ. ಖಾಸಗಿಯವರನ್ನೂ ನೇರವಾಗಿ ಕಟ್ಟಿಹಾಕುವ ಕೆಲವೇ ಮೂಲಭೂತ ಹಕ್ಕುಗಳಲ್ಲಿ ಇದೊಂದು.

1948ರ ನವೆಂಬರ್ 29ರಂದು ಸಂವಿಧಾನ ಸಭೆಯಲ್ಲಿ ಈ ಕರಡಿನ ಚರ್ಚೆ ನಡೆದಾಗ ಎಸ್. ನಾಗಪ್ಪ ಅವರು ಎದ್ದು, ಅಂಗಡಿ ಎಂದರೆ ಬಟ್ಟೆ ಒಗೆಯುವ, ಕ್ಷೌರ ಮಾಡುವ ಜಾಗಗಳೂ ಸೇರುತ್ತವೆಯೇ ಎಂದು ಕೇಳಿದರು. ಹಳ್ಳಿಯ ದಲಿತನ ದಿನದ ಬದುಕು ಗೊತ್ತಿದ್ದವರು ಮಾತ್ರ ಕೇಳಬಹುದಾದ ಪ್ರಶ್ನೆ ಅದು. ಅಂಬೇಡ್ಕರ್ ಅವರ ಉತ್ತರದಲ್ಲಿ ಗೊಂದಲವಿರಲಿಲ್ಲ. ಕೇಳಿಕೊಂಡು ಬಂದ ಯಾರಿಗಾದರೂ ಸೇವೆ ಕೊಡುತ್ತೇನೆಂದು ಕುಳಿತವನ ಜಾಗವೆಲ್ಲ ಇದರಲ್ಲಿ ಸೇರುತ್ತದೆ, ಒಳಗೆ ಕಾಲಿಡಲು ಬಿಟ್ಟರೆ ಸಾಲದು, ಷರತ್ತಿಗೆ ಒಪ್ಪಿದವರಿಗೆ ಸೇವೆಯೂ ಸಿಗಬೇಕು ಎಂಬುದು ಅವರು ಸಭೆಗೆ ಬಿಡಿಸಿಟ್ಟ ಅರ್ಥ. 2011ರಲ್ಲಿ ಭಾರತೀಯ ವೈದ್ಯಕೀಯ ಸಂಘದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದೇ ವಿಶಾಲ ಅರ್ಥವನ್ನು ಹಿಡಿದು ಖಾಸಗಿ ಕಾಲೇಜುಗಳನ್ನೂ ಆ ವ್ಯಾಪ್ತಿಗೆ ತಂದಿತು.

ನಾಗಪ್ಪನವರ ಪ್ರಶ್ನೆಗೆ ಮುಕ್ಕಾಲು ಶತಮಾನ ಕಳೆದರೂ ಅದರ ಬಿಸಿ ಆರಿಲ್ಲ. ಮಾಲ್ ಪ್ರಕರಣ ನಡೆದ ಒಂದು ತಿಂಗಳಿಗೆ, 2024ರ ಆಗಸ್ಟ್‌ನಲ್ಲಿ, ಕೊಪ್ಪಳ ಜಿಲ್ಲೆ ಯಲಬುರ್ಗಾ ತಾಲ್ಲೂಕಿನ ಸಂಗನಾಳ ಗ್ರಾಮದಲ್ಲಿ ಕ್ಷೌರ ಮಾಡುವುದಿಲ್ಲ ಎಂಬಲ್ಲಿಂದ ಶುರುವಾದ ಜಗಳದಲ್ಲಿ ದಲಿತ ಯುವಕನೊಬ್ಬ ಕತ್ತರಿ ಇರಿತಕ್ಕೆ ಬಲಿಯಾದ. ಮೈಸೂರು ಜಿಲ್ಲೆ ನಂಜನಗೂಡು ತಾಲ್ಲೂಕಿನ ಹಲ್ಲರೆಯಲ್ಲಿ ಇದರ ಮತ್ತೊಂದು ಮುಖ ಕಂಡಿತ್ತು. ದಲಿತರಿಗೆ ಕ್ಷೌರ ಮಾಡಿದ ಕಾರಣಕ್ಕೆ ತನ್ನ ಕುಟುಂಬಕ್ಕೆ ಬಹಿಷ್ಕಾರ ಹಾಕಿ 50,000 ರೂಪಾಯಿ ದಂಡ ಕೇಳುತ್ತಿದ್ದಾರೆ ಎಂದು ಅಲ್ಲಿನ ಕ್ಷೌರಿಕರೊಬ್ಬರು 2020ರ ನವೆಂಬರ್‌ನಲ್ಲಿ ದೂರಿದ್ದರು.

ಹಲ್ಲರೆಯ ಆ ದೂರನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಅಂಗಡಿ ನನ್ನದು, ಯಾರಿಗೆ ಕೊಡಬೇಕೆಂಬುದು ನನ್ನ ಇಷ್ಟ ಎಂಬ ವಾದ ಕೇಳಲು ಸ್ವಾತಂತ್ರ್ಯದ ಮಾತಿನಂತಿದೆ. ಆದರೆ ಆ ಊರಿನಲ್ಲಿ ಅಂಗಡಿಯವನ ಇಷ್ಟ ಎಲ್ಲರಿಗೂ ಕತ್ತರಿ ಹಿಡಿಯುವುದೇ ಆಗಿತ್ತು. ಬೇಡ ಎಂದವರು ಅಂಗಡಿಯ ಹೊರಗಿದ್ದವರು. ಸಂಪಾದನೆ ನಿಲ್ಲುವ ಭಯ, ಊರಿನವರ ಕಣ್ಣಿನ ಭಯ ಸೇರಿ ಒಬ್ಬ ದುಡಿಯುವವನ ಬಾಯಿಂದ ಇಲ್ಲ ಎನ್ನಿಸುತ್ತವೆ. ಕಾನೂನು ಗಟ್ಟಿಯಾಗಿ ನಿಂತರೆ ಗಿರಾಕಿಯ ಜೊತೆಗೆ ಇಂಥ ಅಂಗಡಿಯವನೂ ಬದುಕುತ್ತಾನೆ. ನನ್ನ ಕೈಲಿಲ್ಲ, ಇಲ್ಲ ಎಂದರೆ ನಾನೇ ಜೈಲಿಗೆ ಹೋಗುತ್ತೇನೆ ಎಂದು ಊರಿನ ಯಜಮಾನರಿಗೆ ಹೇಳಲು ಅವನಿಗೊಂದು ಆಸರೆ ಸಿಗುತ್ತದೆ. ಅಸ್ಪೃಶ್ಯತೆಯ ವಿಷಯದಲ್ಲಿ 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಈ ಆಸರೆ ಕೊಟ್ಟಿದೆ. ಅಂಗಡಿ, ಹೋಟೆಲು ಪ್ರವೇಶ ತಡೆದರೆ ಒಂದರಿಂದ ಆರು ತಿಂಗಳ ಸಜೆ, ಜೊತೆಗೆ 100ರಿಂದ 500 ರೂಪಾಯಿ ದಂಡ. 1989ರ ದೌರ್ಜನ್ಯ ತಡೆ ಕಾಯ್ದೆ ಇನ್ನೂ ಬಿಗಿ. ಹಳೆ ಮೈಸೂರು ಸೀಮೆಯ ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಕೋಣೆ, ಉಳಿದವರಿಗೆ ಹೊರಗಿನ ಬೆಂಚು ಎಂದಿದ್ದ ಕಾಲ ಹೋಗಿದೆ. ಇವತ್ತು ದರ್ಶಿನಿಯಲ್ಲಿ ಗಲ್ಲಾಕ್ಕೆ ದುಡ್ಡು ಕೊಟ್ಟು ಟೋಕನ್ ಹಿಡಿದವರೆಲ್ಲ ಒಂದೇ ಕಟ್ಟೆಯ ಮುಂದೆ ನಿಂತು ಇಡ್ಲಿ ತಿನ್ನುತ್ತಾರೆ. ಇದು ತಾನಾಗಿ ಬಂದದ್ದಲ್ಲ. ಹೋರಾಟದಿಂದಲೂ ಕಾನೂನಿನಿಂದಲೂ ಬಂದದ್ದು.

ಹಾಗಾದರೆ ವ್ಯಾಪಾರಿಗೆ ಇಲ್ಲ ಎನ್ನುವ ಹಕ್ಕೇ ಇಲ್ಲವೇ? ಇದೆ, ಇರಬೇಕು. ಕುಡಿದು ಬಂದು ಕೆಲಸದ ಹುಡುಗನ ಕಾಲರ್ ಹಿಡಿಯುವವನನ್ನು ಬೇಕರಿಯವರು ಹೊರಗೆ ಹಾಕಲೇಬೇಕು. ಹಳೆಯ ಸಾಲ ತೀರಿಸದವನಿಗೆ ಮತ್ತೆ ಉದ್ರಿ ಇಲ್ಲ ಎನ್ನಬಹುದು. ಹೆಂಗಸರ ಪಾರ್ಲರ್ ನಡೆಸುವವಳು ಗಂಡಸರಿಗೆ ಸೇವೆಯಿಲ್ಲ ಎಂದರೆ ಆ ಕೆಲಸದ ಸ್ವರೂಪದಲ್ಲೇ ಅದಕ್ಕೆ ಕಾರಣವಿದೆ. ಫ್ಲೆಕ್ಸ್ ಅಂಗಡಿಯವನು ಯಾರದೋ ಮೇಲೆ ದ್ವೇಷ ಕಾರುವ ಬ್ಯಾನರನ್ನು ಪ್ರಿಂಟ್ ಮಾಡುವುದಿಲ್ಲ ಎಂದರೆ ನಾನು ಅವನ ಬೆನ್ನು ತಟ್ಟುತ್ತೇನೆ.

ಈ ಕೊನೆಯ ಮಾತಿನ ಮೇಲೆ ಹೊರದೇಶಗಳಲ್ಲಿ ದೊಡ್ಡ ವ್ಯಾಜ್ಯಗಳೇ ನಡೆದಿವೆ. ಉತ್ತರ ಐರ್ಲೆಂಡಿನ ಆಶರ್ಸ್ ಬೇಕರಿ ಸಲಿಂಗ ವಿವಾಹವನ್ನು ಬೆಂಬಲಿಸುವ ಬರಹವಿದ್ದ ಕೇಕ್ ಮಾಡಲು ಒಪ್ಪಲಿಲ್ಲ. ನಿರಾಕರಿಸಿದ್ದು ಆ ಸಂದೇಶವನ್ನು, ಗಿರಾಕಿಯನ್ನಲ್ಲ ಎಂದು ಬ್ರಿಟನ್ನಿನ ಸುಪ್ರೀಂ ಕೋರ್ಟ್ 2018ರಲ್ಲಿ ಬೇಕರಿಯ ಪರ ತೀರ್ಪು ಕೊಟ್ಟಿತು. ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ವೆಬ್‌ಸೈಟ್ ವಿನ್ಯಾಸಕಿಯೊಬ್ಬರ ಪ್ರಕರಣದಲ್ಲಿ ಹತ್ತಿರಹತ್ತಿರ ಅದೇ ದಾರಿ ಹಿಡಿಯಿತು. ಆ ತೀರ್ಪುಗಳನ್ನು ಒಪ್ಪದವರು ಅಲ್ಲಿಯೂ ಬಹಳ ಮಂದಿ. ನನಗೆ ಅವುಗಳಿಂದ ಸಿಕ್ಕಿದ್ದು ಒಂದು ಗೆರೆ. ಕೆಲಸ ಒಲ್ಲೆ ಎನ್ನುವುದು ಬೇರೆ, ಮನುಷ್ಯನನ್ನೇ ಒಲ್ಲೆ ಎನ್ನುವುದು ಬೇರೆ. 1960ರ ಫೆಬ್ರುವರಿ 1ರಂದು ಅಮೆರಿಕದ ಗ್ರೀನ್ಸ್‌ಬರೋದಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ವುಲ್‌ವರ್ತ್ ಮಳಿಗೆಯ ಊಟದ ಕೌಂಟರಿನಲ್ಲಿ ಕುಳಿತು ಕಾಫಿ ಕೇಳಿದಾಗ ಅವರಿಗೆ ಬೇಕಿದ್ದುದು ಪಕ್ಕದ ಬಿಳಿಯರಿಗೆ ಕೊಡುತ್ತಿದ್ದ ಅದೇ ಕಾಫಿ. ಮಾಗಡಿ ರಸ್ತೆಯಲ್ಲಿ ಆ ತಂದೆ ಕೇಳಿದ್ದೂ ಎಲ್ಲರೂ ನೋಡುವ ಅದೇ ಸಿನಿಮಾ.

ನಗರದ ಎಷ್ಟೋ ಹೋಟೆಲು, ಪಬ್ಬು, ಮಾಲುಗಳಲ್ಲಿ ಪ್ರವೇಶದ ಹಕ್ಕನ್ನು ಕಾಯ್ದಿರಿಸಲಾಗಿದೆ ಎಂಬ ಸಣ್ಣ ಬೋರ್ಡು ಇರುತ್ತದೆ. ಆ ಬೋರ್ಡಿಗೆ ಸಂವಿಧಾನಕ್ಕಿಂತ ಹೆಚ್ಚಿನ ಬಲವಿಲ್ಲ. 15ನೇ ವಿಧಿ ಎಣಿಸಿರುವ ಐದು ಕಾರಣಗಳಿಗೆ ಅದು ಅನ್ವಯಿಸುವುದೇ ಇಲ್ಲ. ತೊಡಕಿರುವುದು ಆ ಐದರ ಆಚೆ. ಉಡುಗೆ ಆ ಪಟ್ಟಿಯಲ್ಲಿಲ್ಲ. ಭಾಷೆ ಇಲ್ಲ. ಬಡತನವಂತೂ ಇಲ್ಲ. ಜಾತಿ ಕೇಳಿದರೆ ಕೇಸಾಗುತ್ತದೆ ಎಂದು ತಿಳಿದ ಬಾಗಿಲು ಈಗ ಬಟ್ಟೆ ನೋಡುತ್ತದೆ, ಚಪ್ಪಲಿ ನೋಡುತ್ತದೆ, ತಲೆ ಮೇಲಿನ ಗಂಟು ನೋಡುತ್ತದೆ. ಹಳ್ಳಿ, ಜಾತಿ, ಬಡತನ ಮೂರನ್ನೂ ಒಂದೇ ನೋಟದಲ್ಲಿ ಅಳೆದು, ಬಾಯಿಬಿಟ್ಟು ಹೇಳುವಾಗ ಡ್ರೆಸ್ ಕೋಡ್ ಎನ್ನುತ್ತದೆ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ಮೆಟ್ರೊ ನಿಲ್ದಾಣದಲ್ಲಿ, ಟಿಕೆಟ್ ಇದ್ದ, ಗಂಟು ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳಕಾಗಿದೆ ಎಂದು ತಡೆದದ್ದೂ ಈ ನೋಟವೇ. ಅಲ್ಲಿ ಸಹ ಪ್ರಯಾಣಿಕರು ಜಗಳ ತೆಗೆದು ಅವರನ್ನು ಒಳಗೆ ಕರೆದುಕೊಂಡು ಹೋದರು. 2022ರ ಜನವರಿಯಲ್ಲಿ ತುಮಕೂರಿನ ವಾಹನ ಷೋರೂಮಿನಲ್ಲಿ ಪಿಕಪ್ ಕೊಳ್ಳಲು ಬಂದ ರೈತನನ್ನು ನಿನ್ನ ಹತ್ತಿರ ದುಡ್ಡೆಲ್ಲಿದೆ ಎಂಬಂತೆ ಮಾತಾಡಿಸಿದ್ದೂ ಇದೇ. ಆತ ಸ್ವಲ್ಪ ಹೊತ್ತಿನಲ್ಲೇ ಹತ್ತು ಲಕ್ಷ ರೂಪಾಯಿ ಹೊಂದಿಸಿ ತಂದ ಎಂಬುದನ್ನು ಜನ ಸಂಭ್ರಮಿಸಿದರು. ನನಗೆ ಆ ಸಂಭ್ರಮದಲ್ಲಿ ಸಂಕಟವೂ ಆಯಿತು. ಹತ್ತು ಲಕ್ಷ ಹೊಂದಿಸಲಾಗದ ರೈತನಿಗೂ ಮರ್ಯಾದೆಯಿಂದ ಬೆಲೆ ಕೇಳಿಕೊಂಡು ಹೋಗುವ ಹಕ್ಕಿದೆ.

ಈ ಘಟನೆಗಳಲ್ಲಿ ಮುಂದೆ ನಿಂತವರು ಯಾರು, ತಲೆ ಕೊಟ್ಟವರು ಯಾರು ಎಂದೂ ನೋಡಬೇಕು. ರಾಜಾಜಿನಗರದಲ್ಲಿ ಕೆಲಸ ಹೋದದ್ದು ಭದ್ರತಾ ಮೇಲ್ವಿಚಾರಕನದು. ಮಾಲ್‌ನಲ್ಲೂ ಜನರ ಬೈಗುಳ ಮೊದಲು ಬಿದ್ದದ್ದು ಬಾಗಿಲ ಕಾವಲಿನವರ ಮೇಲೆ. ನಮ್ಮ ಕಡೆಯ ಅಂಗಡಿ ಸಂಕೀರ್ಣ, ಎಟಿಎಂ, ಅಪಾರ್ಟ್‌ಮೆಂಟುಗಳ ಬಾಗಿಲಲ್ಲಿ ನಿಂತವರನ್ನು ಮಾತಾಡಿಸಿ ನೋಡಿ. ಹೆಚ್ಚಿನವರು ಏಜೆನ್ಸಿ ಮೂಲಕ ಬಂದವರು. ಹನ್ನೆರಡು ಗಂಟೆಯ ಪಾಳಿ, ಕೂರಲು ಕುರ್ಚಿ ಇದ್ದರೆ ಪುಣ್ಯ. ಅವರಲ್ಲಿ ಅನೇಕರ ಅಪ್ಪಂದಿರು ಊರಿನಲ್ಲಿ ಪಂಚೆ ಉಟ್ಟೇ ಹೊಲಕ್ಕೆ ಹೋಗುವವರು. ಯೂನಿಫಾರಂ ಕಳಚಿ ಲುಂಗಿಯಲ್ಲಿ ಬಂದರೆ ತಾನು ಕಾಯುವ ಬಾಗಿಲನ್ನೇ ದಾಟಲಾರದ ಮನುಷ್ಯನ ಕೈಗೆ ಯಾರನ್ನು ಬಿಡಬೇಕು, ಯಾರನ್ನು ಬಿಡಬಾರದು ಎಂಬ ತೀರ್ಮಾನ ಕೊಟ್ಟಿದ್ದೇವೆ. ನಿಯಮವನ್ನು ಯಾರೋ ಬಾಯಲ್ಲಿ ಹೇಳಿರುತ್ತಾರೆ, ಎಲ್ಲೂ ಬರೆದಿರುವುದಿಲ್ಲ. ಬಿಟ್ಟರೆ ಬೈಗುಳ, ಬಿಡದಿದ್ದರೆ ಶಾಭಾಸ್. ವಿಡಿಯೊ ಹರಡಿದ ದಿನ ಮಾತ್ರ ಆ ನಿಯಮಕ್ಕೆ ವಾರಸುದಾರರಿಲ್ಲ. ಕಾವಲಿನವನನ್ನು ಕೆಲಸದಿಂದ ತೆಗೆದು ಸಂಸ್ಥೆ ಕೈತೊಳೆದುಕೊಂಡರೆ ನ್ಯಾಯ ಸಿಕ್ಕಿತೆಂದು ನಾನು ಒಪ್ಪುವುದಿಲ್ಲ. ಬಡವನೊಬ್ಬನಿಗೆ ಆದ ಅವಮಾನಕ್ಕೆ ಇನ್ನೊಬ್ಬ ಬಡವನ ಅನ್ನ ಕಿತ್ತಂತಾಯಿತು ಅಷ್ಟೆ.

ಇದನ್ನು ಆಟೊದವರ ಜೊತೆ ಇಟ್ಟು ನೋಡಿದರೆ ತಾರತಮ್ಯ ಇನ್ನೂ ನಿಚ್ಚಳ. ಕರೆದ ಕಡೆ ಬರುವುದಿಲ್ಲ ಎನ್ನುವ ಆಟೊ ಚಾಲಕ ಮೋಟಾರು ವಾಹನ ಕಾಯ್ದೆಯ 178ನೇ ಕಲಮಿನ ಪ್ರಕಾರ ಅಪರಾಧಿ. ಪರ್ಮಿಟ್ ಪಡೆದು ಸಾರ್ವಜನಿಕರ ಸೇವೆಗೆ ನಿಂತವನು ಗಿರಾಕಿಯನ್ನು ಆರಿಸಿಕೊಳ್ಳಬಾರದು ಎಂಬುದು ಅದರ ತತ್ವ. ಸರಿಯಾದ ತತ್ವ. ಮೂರು ಗಾಲಿಯ ಮೇಲೆ ದುಡಿಯುವವನಿಗೆ ಅನ್ವಯಿಸುವ ಈ ತತ್ವ ಪಾಲಿಕೆಯಿಂದ ಉದ್ದಿಮೆ ಪರವಾನಗಿ ಪಡೆದ ಏಳಂತಸ್ತಿನ ಕಟ್ಟಡಕ್ಕೆ ಏಕೆ ಅನ್ವಯಿಸಬಾರದು?

ಇನ್ನು ನಮ್ಮ ಬೀದಿಗಳ ಬೋರ್ಡು. ಆರ್‌ಪಿಸಿ ಲೇಔಟಿನ ಅಡ್ಡರಸ್ತೆಗಳಲ್ಲಿ ಮನೆ ಬಾಡಿಗೆಗಿದೆ ಎಂಬ ಫಲಕದ ಕೆಳಗೆ ಸಸ್ಯಾಹಾರಿಗಳಿಗೆ ಮಾತ್ರ ಎಂಬ ಸಾಲು ಅಪರೂಪವಲ್ಲ. ಆ ಸಾಲು ಇಲ್ಲದ ಕಡೆಯೂ ಮನೆ ತೋರಿಸುವ ಮೊದಲು ನೀವು ಯಾವ ಜನ ಎಂಬ ಪ್ರಶ್ನೆ ಬರುತ್ತದೆ. ಮುಸ್ಲಿಂ ಹೆಸರು ಹೇಳಿದ ಮೇಲೆ ಮನೆ ನಿನ್ನೆಯೇ ಹೋಯಿತು ಎನ್ನುವುದನ್ನು ಕೇಳಿಸಿಕೊಂಡವರು ಈ ಊರಿನಲ್ಲಿ ಬೇಕಾದಷ್ಟಿದ್ದಾರೆ. ತಾವೇ ವಾಸವಿರುವ ಮನೆಯ ಮೇಲಿನ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವ ವೃದ್ಧ ದಂಪತಿಗೆ ಯಾರ ಜೊತೆ ಮೆಟ್ಟಿಲು ಹಂಚಿಕೊಳ್ಳಬೇಕೆಂಬ ಮಾತು ಇರಲಿ ಎಂದು ಒಪ್ಪಬಹುದು, ನೋವಿನಿಂದಲಾದರೂ. ನಾಲ್ಕು ಮಹಡಿಯ ಪಿ.ಜಿ. ಕಟ್ಟಿ, ತಲೆಗಿಷ್ಟೆಂದು ತಿಂಗಳಿಗೆ ವಸೂಲಿ ಮಾಡುವವರದು ಶುದ್ಧ ವ್ಯಾಪಾರ. ಅಂಬೇಡ್ಕರ್ ಕೊಟ್ಟ ಅರ್ಥದಲ್ಲಿ ಅದೂ ಅಂಗಡಿಯೇ. ಆದರೆ ಅಸ್ಪೃಶ್ಯತೆಗಿರುವಂತೆ ಧರ್ಮದ ಕಾರಣಕ್ಕೆ ಬಾಗಿಲು ಹಾಕಿದವರಿಗೆ ಶಿಕ್ಷೆ ವಿಧಿಸುವ ಪ್ರತ್ಯೇಕ ಕಾಯ್ದೆ ಇಲ್ಲ. ತಾರತಮ್ಯವನ್ನು ಒಟ್ಟಾಗಿ ನಿಷೇಧಿಸುವ ಮಸೂದೆಯೊಂದನ್ನು ಸಂಸದ ಶಶಿ ತರೂರ್ ಲೋಕಸಭೆಯಲ್ಲಿ ಖಾಸಗಿ ಸದಸ್ಯರ ಮಸೂದೆಯಾಗಿ ಮಂಡಿಸಿದ್ದರು. ಅದು ಕಾನೂನಾಗಲಿಲ್ಲ.

ಆಗುವುದೇ ಇಲ್ಲ ಎಂದೇನಿಲ್ಲ. ಸಂಸತ್ತು 2016ರಲ್ಲಿ ಅಂಗವಿಕಲರಿಗೆ, 2017ರಲ್ಲಿ ಎಚ್‌ಐವಿ ಇರುವವರಿಗೆ, 2019ರಲ್ಲಿ ಲೈಂಗಿಕ ಅಲ್ಪಸಂಖ್ಯಾತರಾದ ಟ್ರಾನ್ಸ್‌ಜೆಂಡರ್ ಸಮುದಾಯಕ್ಕೆ ಒಂದೊಂದಾಗಿ ರಕ್ಷಣೆ ಕೊಟ್ಟಿದೆ. 2012ರಲ್ಲಿ ಸೆರೆಬ್ರಲ್ ಪಾಲ್ಸಿ ಇರುವ ಹೋರಾಟಗಾರ್ತಿ ಜೀಜಾ ಘೋಷ್ ಅವರನ್ನು ಖಾಸಗಿ ವಿಮಾನದಿಂದ ಕೆಳಗಿಳಿಸಿದ್ದರು. ನಾಲ್ಕು ವರ್ಷದ ಮೇಲೆ ಸುಪ್ರೀಂ ಕೋರ್ಟ್ ಆ ಸಂಸ್ಥೆಗೆ 10 ಲಕ್ಷ ರೂಪಾಯಿ ಪರಿಹಾರ ಕೊಡುವಂತೆ ಹೇಳಿತು. ಹಣ ಖಜಾನೆಗಲ್ಲ, ಅವಮಾನ ಅನುಭವಿಸಿದವರ ಕೈಗೆ. ಪಂಚೆಯ ವಿಷಯಕ್ಕೆ ನೇರವಾದ ಉದಾಹರಣೆ ಪಕ್ಕದ ಮನೆಯಲ್ಲೇ ಇದೆ. 2014ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ನ್ಯಾಯಮೂರ್ತಿ ಡಿ. ಹರಿಪರಂತಾಮನ್ ಅವರನ್ನು ವೇಷ್ಟಿ ಉಟ್ಟಿದ್ದಕ್ಕೆ ಚೆನ್ನೈನ ಕ್ರಿಕೆಟ್ ಸಂಸ್ಥೆಯ ಕ್ಲಬ್ಬು ಒಳಗೆ ಬಿಡಲಿಲ್ಲ. ಮರುತಿಂಗಳೇ ತಮಿಳುನಾಡು ವಿಧಾನಸಭೆ ಕಾಯ್ದೆ ಮಾಡಿತು. ಸಾರ್ವಜನಿಕ ಸ್ಥಳಗಳಲ್ಲಿ ತಮ್ಮ ಸಾಂಪ್ರದಾಯಿಕ ಉಡುಗೆಯ ಕಾರಣಕ್ಕೆ ಯಾರನ್ನಾದರೂ ತಡೆದರೆ ಪರವಾನಗಿ ರದ್ದು, ಒಂದು ವರ್ಷದವರೆಗೆ ಸಜೆ, 25,000 ರೂಪಾಯಿ ದಂಡ. ಅಲ್ಲಿ ಅವಮಾನವಾದದ್ದು ನ್ಯಾಯಮೂರ್ತಿಗೆ, ಇಲ್ಲಿ ರೈತನಿಗೆ. ಕಾಯ್ದೆ ಬೇಗ ಬಂದದ್ದು ಎಲ್ಲಿ ಎಂಬುದನ್ನು ನಮ್ಮ ಶಾಸಕರು ಗಮನಿಸಲಿ.

ನಮ್ಮ ಕಾಯ್ದೆ ತಮಿಳುನಾಡಿನದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಬೇಕು ಎಂಬುದು ನನ್ನ ಆಸೆ. ಸಾಂಪ್ರದಾಯಿಕ ಉಡುಗೆ ಎಂದಷ್ಟೇ ಬರೆದರೆ ಇಸ್ತ್ರಿ ಮಾಡಿದ ಜರಿ ಪಂಚೆ ಒಳಗೆ ಹೋಗುತ್ತದೆ, ಗಾರೆ ಕೆಲಸದಿಂದ ನೇರ ಬಂದವನ ಸಿಮೆಂಟು ಹತ್ತಿದ ಪ್ಯಾಂಟು ಹೊರಗೇ ನಿಲ್ಲುತ್ತದೆ. ನಡತೆಯ ಕಾರಣ ಬಿಟ್ಟು ಬೇರಾವ ಕಾರಣಕ್ಕೂ, ಅದರಲ್ಲೂ ನೋಟಕ್ಕೆ ಹೇಗೆ ಕಾಣುತ್ತಾರೆಂಬ ಕಾರಣಕ್ಕೆ, ಟಿಕೆಟ್ ಇರುವವರನ್ನೂ ದುಡ್ಡು ಕೊಡಲು ಸಿದ್ಧರಿರುವವರನ್ನೂ ವಾಪಸ್ ಕಳಿಸುವಂತಿಲ್ಲ ಎಂದು ಉದ್ದಿಮೆ ಪರವಾನಗಿಯ ಷರತ್ತಿನಲ್ಲೇ ಸೇರಿಸಬೇಕು. ತಡೆದರೆ ಕಾರಣವನ್ನು ಬರೆದು, ಪರವಾನಗಿ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಕೊಡಬೇಕು. ದಂಡ ಅವರಿಗೆ, ಏಜೆನ್ಸಿಯ ಕಾವಲಿನವನಿಗಲ್ಲ.

ಅಲ್ಲಿಯವರೆಗೆ ಟಿಕೆಟ್ ಕೊಂಡವರಿಗೆ ಒಂದು ದಾರಿಯಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ. ಟಿಕೆಟ್, ತಡೆದ ಹೊತ್ತು, ಪಕ್ಕದಲ್ಲಿದ್ದವರ ಫೋನ್ ನಂಬರು ಇಟ್ಟುಕೊಂಡರೆ ಸಾಕ್ಷ್ಯಕ್ಕೆ ಅನುಕೂಲ. ಟಿಕೆಟ್ ಮಾರಿದ್ದು ಸಿನಿಮಾ ಮಂದಿರ, ತಡೆದದ್ದು ಕಟ್ಟಡದವರು ಎಂಬ ವಾದ ಬರಬಹುದು, ಇಬ್ಬರನ್ನೂ ಎದುರುದಾರರನ್ನಾಗಿ ಮಾಡಬೇಕು. ಏನನ್ನೂ ಕೊಳ್ಳುವ ಮೊದಲೇ ಬಾಗಿಲಲ್ಲಿ ನಿಲ್ಲಿಸಲ್ಪಟ್ಟವರು ಗ್ರಾಹಕರೆಂದು ಸಾಧಿಸುವುದೇ ಕಷ್ಟ. ಅವರ ಕೈಯಲ್ಲಿ ರಸೀದಿ ಇರುವುದಿಲ್ಲ. ಬರಬೇಕಾದ ಕಾಯ್ದೆ ಮೊದಲು ನೆನೆಯಬೇಕಾದದ್ದು ಅವರನ್ನು.